ಎರಡನೇ ಅಂತಸ್ತಿನ ಸರದಿ

“ಎದ್ದು ಬಾರೆ ಆಚೆ, ಕಸ್ಮಾಲಂ. ಆಫೀಸರುಗಳು ಕೂರೋ ಜಾಗ ಇದು, ನಿನಗಲ್ಲ. ಆಸಿಡ್ ಹಾಕಿ ಉಜ್ಜು ಬೇಗ, ಸೀಕ್ರಂ.”

ಸೂಪರ್‌ವೈಸರ್ ಭೋಜರಾಜ ಎರಡನೇ ಅಂತಸ್ತಿನ ಪಾಯಖಾನೆಯ ಬಾಗಿಲು ಒದೆಯುತ್ತಿದ್ದ. ಸೀರೆ ಸರಿಮಾಡಿಕೊಳ್ಳುತ್ತ ಹೊರಬಂದವಳು ತೇಜು, ಏಳು ತಿಂಗಳ ಬಸುರಿ. ಗಾರೆಯ ಗಂಡಸರೆಲ್ಲ ನೋಡುತ್ತಿರುವಂತೆಯೇ ಮೊಣಕಾಲೂರಿ ಉಜ್ಜಿದಳು. ಆಸಿಡ್ಡಿನ ಘಾಟಿಗೆ ವಾಂತಿಯಾಯಿತು. ಅದನ್ನೂ ಅವಳೇ ತೊಳೆದಳು. ಅವಳ ಅಕ್ಕ ನಾಗಮಣಿ ನೀರಿನ ಕೊಡ ಹೊತ್ತು ನಿಂತಲ್ಲೇ ನಿಂತಿದ್ದಳು.

ಲಿಂಗಸುಗೂರಿನ ಕಡೆಯ ಹನ್ನೊಂದು ಹೆಂಗಸರು ಎಣ್ಣೂರು ರಸ್ತೆಯ ಆ ಸರ್ಕಾರಿ ಕಚೇರಿ ಕಟ್ಟಲು ಬಂದಿದ್ದರು. ನೆಲ ಸರ್ಕಾರದ್ದು, ದುಡ್ಡು ಕಂಪನಿಯದು. ಮೇಲೆ ಕಚೇರಿ ಸರ್ಕಾರಕ್ಕೆ, ಕೆಳಗಿನ ಅಂಗಡಿಗಳು ಮೂವತ್ತು ವರ್ಷ ಕಂಪನಿಗೆ. ಭೋಜರಾಜ ಹುಟ್ಟಿ ಬೆಳೆದದ್ದು ತಮಿಳರ ನಡುವೆ, ಮೈಲಾಪೂರಿನಲ್ಲಿ, ಮನೆಮಾತು ಮಾತ್ರ ಕನ್ನಡ. ಕಂಪನಿ ಅವನನ್ನು ಇಟ್ಟುಕೊಂಡದ್ದೂ ಅದಕ್ಕೇ. ಬೈಯಲು ಭಾಷೆ ಬೇಕಲ್ಲ.

ನಕ್ಷೆಯಲ್ಲಿ ಕೂಲಿಯವರಿಗೂ ಒಂದು ಪಾಯಖಾನೆ ಇತ್ತಂತೆ. ಖರ್ಚು ಉಳಿಸಲು ತಾನೇ ಅದನ್ನು ಹೊಡೆದುಹಾಕಿದೆನೆಂದು ಭೋಜರಾಜ ಜಂಬದಿಂದ ಹೇಳುತ್ತಿದ್ದ. ಹೆಂಗಸರು ನಸುಕಿನಲ್ಲೇ ಜಾಲಿಪೊದೆಯ ಮರೆಗೆ ಹೋಗಿಬಂದು, ಆಮೇಲೆ ದಿನವಿಡೀ ನೀರು ಕುಡಿಯುತ್ತಿರಲಿಲ್ಲ. ಉಚ್ಚೆ ಕಟ್ಟಿಕೊಂಡರೆ ಕೂಸಿಗೆ ಕುತ್ತು ಎಂದು ಆಸ್ಪತ್ರೆಯ ನರ್ಸಮ್ಮ ತೇಜುವಿಗೆ ಹೇಳಿದ್ದಳು.

ಮೂರನೇ ಅಂತಸ್ತಿನ ಹೊಸ ಪಾಯಖಾನೆಗಳಲ್ಲಿ ನೆಲಕ್ಕೆ ನೀರು ತುಂಬಿ ಎರಡು ದಿನ ನಿಲ್ಲಿಸಬೇಕಿತ್ತು, ಸೋರುತ್ತದೋ ಇಲ್ಲವೋ ನೋಡಲು. ಆ ನೀರು ಹೊರುವವರು ಇವರೇ. ತಮ್ಮದನ್ನು ಬಿಗಿಹಿಡಿದುಕೊಂಡು ಸಾಹೇಬರ ಪಾಯಖಾನೆಗೆ ನೀರು ತುಂಬುವ ಭಾಗ್ಯ ಎಷ್ಟು ಜನರಿಗುಂಟು?

ಗುರುವಾರ ಕಚೇರಿಯ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಸರ್ಕಾರದ ಬೊಕ್ಕಸಕ್ಕೆ ಭಾರವಿಲ್ಲದೆ ಕಟ್ಟಡ ಎದ್ದಿದೆ, ಎಲ್ಲ ಕಡೆಯೂ ಹೀಗೇ ಕಟ್ಟಬೇಕು ಎಂದು ಹೊಗಳಿದರು. ಎರಡು ಎಳನೀರು ಕುಡಿದರು. ಆಮೇಲೆ ಭೋಜರಾಜನ ಕಿವಿಯಲ್ಲಿ ಏನೋ ಕೇಳಿದರು.

ಕೆಲಸ ಮುಗಿದಿದ್ದ ಪಾಯಖಾನೆ ಎರಡನೇ ಅಂತಸ್ತಿನದೊಂದೇ. ಅದರ ಬಾಗಿಲಿಗೆ ಅಡ್ಡಲಾಗಿ ನಾಗಮಣಿ ನಿಂತಿದ್ದಳು.

ಭೋಜರಾಜ ಹಲ್ಲು ಕಚ್ಚಿ, ಸಾರ್ ಬಂದಿದಾರೆ, ಸರಿ ಆಚೆ ಎಂದ.

“ಒಳಗ ನಮ್ಮ ತೇಜು ಅದಾಳ. ಆಕಿ ಬರೂತನಕ ನಿಂದ್ರಾಕ ಹೇಳ್ರಿ.”

“ನಾಳೆಯಿಂದ ಗೇಟ್ ಒಳಗೆ ಕಾಲಿಡಲ್ಲ ನೀನು, ತೇವಡಿಯಾ.”

“ಬ್ಯಾಡ ಬಿಡು. ಮೊನ್ನಿ ಒದ್ದಿಯಲ್ಲ ಈ ಬಾಗಲಾ? ಇವತ್ತೂ ಒದಿ. ನಿಮ್ ಸಾಹೇಬ್ರ ಮುಂದ ಒದಿ ಬಾಡ್ಯಾ, ನೋಡೂಣು.”

ಭೋಜರಾಜನ ಕಾಲು ಏಳಲಿಲ್ಲ. ಮೇಲಿನ ಅಂತಸ್ತಿನಿಂದ ಹೆಂಗಸರು ಒಬ್ಬೊಬ್ಬರಾಗಿ ಇಳಿದು ಬಂದರು. ಯಾರೂ ಕರೆದಿರಲಿಲ್ಲ. ಕೊಡ ಇಳಿಸಿ ನಾಗಮಣಿಯ ಪಕ್ಕದಿಂದ ಗೋಡೆಯುದ್ದಕ್ಕೂ ಸಾಲಾಗಿ ನಿಂತರು. ಒಂಬತ್ತು ಜನ.

ಇದೇನಿದು ಎಂದು ಸಾಹೇಬರು ತಮಿಳಿನಲ್ಲಿ ಕೇಳಿದರು.

“ವರಿಸೈ, ಸಾರ್,” ಎಂದಳು ನಾಗಮಣಿ. ಸರದಿಗೆ ತಮಿಳಿನವರ ಮಾತು ಅದು. ಆಸ್ಪತ್ರೆಯಲ್ಲಿ ಬೈಸಿಕೊಂಡು ಕಲಿತಿದ್ದಳು. ಕೈ ಚಾಚಿ ಸಾಲಿನ ಕೊನೆಯ ಕೊಡವನ್ನು ತೋರಿಸಿದಳು.

ಸಾಹೇಬರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಒಳಗೆ ತೇಜು ನಿಧಾನವಾಗಿ ನಲ್ಲಿ ತಿರುಗಿಸಿದಳು.