ರಫು ಹಾಕಿದ ತೋಳು

ವಕೀಲೆಯ ಮೇಜಿಗೆ ಹಾಸಿದ ಬಟ್ಟೆಯಲ್ಲಿ ಒಂದು ಎಳೆ ಮೇಲೆದ್ದಿದೆ, ಯಾರ ಬಳೆಯೋ ಗೀರಿರಬೇಕು, ಸೂಜಿಯಿದ್ದರೆ ಎರಡೇ ನಿಮಿಷ, ಹಿಂದಕ್ಕೆ ಎಳೆದುಬಿಟ್ಟರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ — ಛೀ, ಮಗಳು ಹೊಡೆದಾಟದ ಕೇಸು ಹೊತ್ತು ಪಕ್ಕದಲ್ಲಿ ಕೂತಿದ್ದಾಳೆ, ತಾಯಿಗೆ ಎಳೆಯ ಚಿಂತೆ, ಅವಳು ಕೈಗಳನ್ನು ಮಡಿಲಿನ ಚೀಲದ ಕೆಳಗೆ ತೂರಿಸಿಕೊಂಡಳು. ವಕೀಲೆ ಬೆರಳು ಮಡಿಸುತ್ತಿದ್ದಾರೆ, ಹದಿನಾರು ಅಲ್ವಾ, ದೊಡ್ಡವರ ಕೋರ್ಟಿಗೆ ಹೋಗಲ್ಲ, ಮಕ್ಕಳ ನ್ಯಾಯಮಂಡಳಿ, ತಪ್ಪಾಯ್ತು ಅಂತ ಒಪ್ಪಿಕೊಂಡರೆ ಬುದ್ಧಿ ಹೇಳಿ ನಿಮ್ಮ ಜವಾಬ್ದಾರಿ ಮೇಲೆ ಬಿಡಬಹುದು, ಇಲ್ಲ ರಾಜಿ ಅಂತೀರಾ, ಏಟು ತಿಂದ ಆ ಹುಡುಗಿ ಅಪ್ಪ ರಾಜಿ ಅಂದ ಕೂಡಲೇ ಫೋನ್ ಇಡ್ತಾರೆ, ಹುಬ್ಬಿಗೆ ಐದು ಹೊಲಿಗೆ ನೋಡಿ — ಐದು ಹೊಲಿಗೆ, ಯಾವ ದಾರವೋ, ಗುರುತು ಉಳಿಯುತ್ತದೋ ಏನೋ, ಪಾಪ ಹೆಣ್ಣುಮಗು — ಇನ್ನೊಂದು ದಾರಿ, ಮೊದಲು ಕೈ ಹಾಕಿದ್ದು ಆ ಹುಡುಗಿ, ನಿಮ್ಮವಳು ಬಿಡಿಸಿಕೊಳ್ಳೋಕೆ ಹೊಡೆದಳು ಅಂತ ತೋರಿಸೋದು, ಆದರೆ ಬಸ್ ಸ್ಟಾಪಿನವರೆಲ್ಲ ನೋಡಿದ್ದು ಇವಳು ಸ್ಟೀಲ್ ಬಾಟಲಿ ಬೀಸಿದ್ದನ್ನ, ಅದಕ್ಕೆ ಮುಂಚೆ ಏನಾಯ್ತು ಅನ್ನೋದಕ್ಕೆ ಸಾಕ್ಷಿ ಬೇಕು. ಅಜ್ಜಿಯ ಕಥೆಗಳಲ್ಲಾದರೆ ಗಿಳಿಯೋ ಒನಕೆಯೋ ಎದ್ದು ಬಂದು ಸಾಕ್ಷಿ ಹೇಳಿಬಿಡುತ್ತಿತ್ತು, ಇಲ್ಲಿ ಫ್ಯಾನು ಒಂದೇ ಸಮ ಗರಗರ ಅನ್ನುತ್ತದೆ, ಮಗಳು ಅದನ್ನೇ ನೋಡುತ್ತಾಳೆ, ಹೊಡೆದಾಟದ ಆ ಮಧ್ಯಾಹ್ನ ಮನೆ ಬಾಗಿಲಲ್ಲಿ ನಿಂತಿದ್ದಳಲ್ಲ, ಒಂದು ತೋಳು ಸ್ವೆಟರಿನೊಳಗೆ, ಇನ್ನೊಂದು ಬರಿ ತೋಳು, ಚಳಿಗೆ ಮುಳ್ಳೆದ್ದದ್ದು, ಕಿತ್ತು ಬಂದ ತೋಳಿನ ಬಟ್ಟೆ ಮುಷ್ಟಿಯಲ್ಲಿ.

ಇದು ನಮ್ಮಜ್ಜಿ ಹೆಣೆದಿದ್ದು ಕಣೇ, ಕಳ್ಳಿ, ಬಿಚ್ಚು ಅಂತ ಆ ಹುಡುಗಿ ಎಳೆದಳಂತೆ, ಮಗಳು ಅಂದಳಂತೆ, ನಮ್ಮಮ್ಮ ಅಂಗಡೀಲಿ ಕೊಂಡುಕೊಟ್ಟಿದ್ದು. ಕೊಂಡದ್ದು! ತಾನು ರಫು ಕೆಲಸ ಮಾಡುವ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೂವರೆ ವರ್ಷ ಯಾರೂ ಕೇಳದೆ ನೇತಾಡುತ್ತಿದ್ದದ್ದು, ಬೇಕಾದ್ರೆ ತಗೊಂಡು ಹೋಗಮ್ಮ, ನುಸಿ ತಿಂದಿದೆ ಅಂದಿದ್ದರು ಅಂಗಡಿ ಯಜಮಾನರು, ಕದ್ದದ್ದಲ್ಲ, ಆದರೂ ಗಿರಾಕಿಯ ಹೆಸರಿನ ಚೀಟಿ ಕತ್ತರಿಸಿ ಬಿಸಾಡಿದ್ದಳಲ್ಲ, ಮೂರು ಮಧ್ಯಾಹ್ನ ಕೂತು ಮೊಣಕೈ ತೂತು ಮುಚ್ಚಿ, ಹೊಸ ಕವರಿಗೆ ಹಾಕಿ, ಹೊಸದು ಪುಟ್ಟಿ ಅಂದಿದ್ದಳಲ್ಲ, ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳು ಹೇಳಿದ್ದು ನಿಜಾನಾ ಅಮ್ಮ ಅಂತ ಮಗಳು ಕೇಳಿದಾಗ ತಾಯಿ ಸ್ವೆಟರ್ ಇಸಕೊಂಡು ಕಿಟಕಿಯ ಹತ್ತಿರ ಕೂತು, ಎಳೆಗೆ ಎಳೆ ಸೇರಿಸಿ ರಫು ಹಾಕಿದಳು, ಅದೊಂದೇ ಬರುತ್ತದೆ ಅವಳಿಗೆ, ಹರಿದದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ, ಮಗಳು ಎದುರಿಗೇ ನಿಂತು ನೋಡಿದಳು, ಬರಿ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು, ಆಮೇಲೆ ಪೊಲೀಸರ ಮುಂದೆಯೂ ಸ್ವೆಟರಿನ ಸುದ್ದಿ ಎತ್ತಲಿಲ್ಲ. ಅವತ್ತು ಹಾಕಿದ್ದ ಬಟ್ಟೆ ತನ್ನಿ ಅಂದಿದ್ದೆನಲ್ಲ ಅಂತ ವಕೀಲೆ ಕೈ ಚಾಚಿದರು, ಚೀಲದಿಂದ ತೆಗೆದದ್ದನ್ನು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿದರು, ತೋಳು ಕಿತ್ತು ಬಂತು ಅಂದ್ರಿ, ಎಲ್ಲಿದೆಯಮ್ಮ? — ರಫು ಎಲ್ಲಿದೆ ತೋರಿಸಿದವರಿಗೆ ಬಟ್ಟೆ ಪುಕ್ಕಟೆ ಅಂತ ಯಜಮಾನರು ಗಿರಾಕಿಗಳ ಮುಂದೆ ಮೀಸೆ ತಿರುವುವುದು, ಅವಳು ಒಳಗೆ ಕೂತು ಹಿಗ್ಗುವುದು, ಇಪ್ಪತ್ತು ವರ್ಷದ ಹಿಗ್ಗು — ಈಗ ತನ್ನ ಕೈಯಾರೆ ತೋಳನ್ನು ಒಳಮಗ್ಗುಲಾಗಿ ತಿರುವಿದಳು, ಬೆರಳಿಟ್ಟಳು, ಇಲ್ಲಿಂದ ಇಲ್ಲೀವರೆಗೆ ಮೇಡಂ, ಭುಜದ ಸುತ್ತ, ನಾನೇ ಹಾಕಿದೆ.

ಅಯ್ಯೋ ಪುಣ್ಯಾತ್ಗಿತ್ತಿ, ಇದ್ದ ಒಂದು ಸಾಕ್ಷೀನೂ ಹೊಲಿದುಬಿಟ್ರಾ, ಅಂದರು ವಕೀಲೆ, ನಗಲಿಲ್ಲ, ಹೋಗ್ಲಿ, ಈ ಒಳಗಿನ ದಾರನಾದ್ರೂ ಮಾತಾಡುತ್ತೆ, ಇನ್ನು ಮುಟ್ಟಬೇಡಿ ಇದನ್ನ, ಆದರೆ ಆ ಹುಡುಗಿ ಯಾಕೆ ಎಳೆದಳು, ಕಾರಣ ಇಲ್ಲದೆ ಯಾರು ನಂಬ್ತಾರೆ? ಮಗಳು ಫ್ಯಾನಿನಿಂದ ಕಣ್ಣು ಕೀಳಲಿಲ್ಲ, ಸುಮ್ಮನೆ ಅಂದಳು, ಸುಮ್ಮನೆ ಎಳೆದಳು ಮೇಡಂ, ಎಷ್ಟು ಬೇಗ ಅಂದಳು, ಕಲಿತ ಪಾಠದ ಹಾಗೆ, ಈ ಸುಳ್ಳು ಹೇಳಿಕೊಟ್ಟವರು ಯಾರು, ನೆಲ ಬಾಯಿಬಿಟ್ಟಿದ್ದರೆ ತಾಯಿ ಇಳಿದುಹೋಗುತ್ತಿದ್ದಳು, ಬಿಡಲಿಲ್ಲ, ಸ್ವೆಟರ್ ಆ ಹುಡುಗೀದೇ ಮೇಡಂ, ಅಂದಳು, ಇವಳಿಗೆ ಗೊತ್ತಿರಲಿಲ್ಲ, ಹೊಸದು ಅಂತ ನಾನೇ ಸುಳ್ಳು ಹೇಳಿದ್ದೆ, ಬರಕೊಳ್ಳಿ — ವಕೀಲೆಯ ಪೆನ್ನು ಓಡತೊಡಗಿತು, ಮಗಳು ತಿರುಗಿ ನೋಡಿದಳೋ ಇಲ್ಲವೋ, ತಲೆ ಎತ್ತಲಾಗದು, ಕಂಡದ್ದು ಅದೊಂದೇ, ಬಾಗಿಲು, ಬಾಗಿಲಲ್ಲಿ ಆ ತೋಳು, ಬರಿ ತೋಳು, ಚಳಿಗೆ ಮುಳ್ಳೆದ್ದ ಬರಿ ತೋಳು