ಶಿವಸ್ವಾಮಿಗಾಗಿ ಮಾಡಿದ ರೂಲು

ನಂಜನಗೂಡಿಗೂ ತಿ. ನರಸೀಪುರಕ್ಕೂ ವರ್ಷಕ್ಕೊಮ್ಮೆ ನಡೆಯುವ ಫುಟ್‌ಬಾಲ್ ಪಂದ್ಯದಲ್ಲಿ ಟಿವಿಯವರು ಕಂಡು ಕೇಳಿರದ ಒಂದು ರೂಲಿದೆ. ಪೆನಾಲ್ಟಿ ಒದೆಯುವಾಗ ಜನ ತುಟಿಪಿಟಕ್ ಅನ್ನಕೂಡದು. ಎದುರು ಊರಿನವರು ಸದ್ದು ಮಾಡಿ ಚೆಂಡು ತಪ್ಪಿದರೆ ಮತ್ತೆ ಒದೆಯಬಹುದು. ಇಷ್ಟು ದೊಡ್ಡ ಕಾನೂನು ಹುಟ್ಟಿದ್ದು ಒಂದೇ ಒಂದು ಗಂಟಲಿನಿಂದ. ಅದು ನಂಜನಗೂಡಿನ ಶಿವಸ್ವಾಮಿಯ ಗಂಟಲು.

ಶಿವಸ್ವಾಮಿ ಹುಲ್ಲಹಳ್ಳಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಸ್ಟ್ಯಾಂಡಿನ ಈ ತುದಿಯಲ್ಲಿ ಅವನು ‘ರೈಟ್’ ಅಂದರೆ ಆ ತುದಿಯ ಬಸ್ಸುಗಳೂ ಹೊರಟುಬಿಡುತ್ತಿದ್ದವು. ನರಸೀಪುರದವನು ಪೆನಾಲ್ಟಿಗೆಂದು ಎರಡು ಹೆಜ್ಜೆ ಹಿಂದೆ ಸರಿದದ್ದೇ ತಡ, ಇವನು ಕೂಗು ಹಾಕುತ್ತಿದ್ದ. ಮೂರು ವರ್ಷದಲ್ಲಿ ನಾಲ್ಕು ಚೆಂಡು ಆಕಾಶ ನೋಡಿಕೊಂಡು ಹೋದವು. ಆಮೇಲೆ ನರಸೀಪುರ ತಂಡದ ಯಜಮಾನ, ಗೊಬ್ಬರದಂಗಡಿ ಚೆಲುವಯ್ಯ, ಹಟ ಹಿಡಿದು ಈ ರೂಲು ಮಾಡಿಸಿದ. ಅಂದಿನಿಂದ ಶಿವಸ್ವಾಮಿ ಪೆನಾಲ್ಟಿಯ ಹೊತ್ತು ಬಿಟ್ಟು ಮಿಕ್ಕ ಹೊತ್ತೆಲ್ಲ ಮೈದಾನದ ಈ ಕಡೆಯಿಂದ ಚೆಲುವಯ್ಯನ ಜನ್ಮ ಜಾಲಾಡಿದ. ಒಳಗೊಳಗೆ ಹಿಗ್ಗಿದ. ಒಬ್ಬನ ಬಾಯಿಗೆ ಹೆದರಿ ರೂಲು ಮಾಡುವುದೆಂದರೆ ಹುಡುಗಾಟವೇ!

ಹೋದ ವರ್ಷ ಗಂಟಲಲ್ಲಿ ಗಂಟು ಕಾಣಿಸಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವನು ಮಾತಾಡಿದರೆ ಕಬ್ಬಿನ ತರಗು ತುಳಿದ ಹಾಗೆ ಕೇಳಿಸುತ್ತದೆ, ಅದೂ ಹತ್ತಿರ ಬಂದು ಕಿವಿ ಕೊಟ್ಟವರಿಗೆ. ಏನಾದರೂ ಬೇಕಾದರೆ ಲೋಟಕ್ಕೆ ಚಮಚ ಬಡಿಯಿರಿ ಎಂದು ಹೆಂಡತಿ ವನಜಾಕ್ಷಿ ಹೇಳಿದ್ದಾಳೆ. ಅವನಿಗೆ ಅದು ನಾಚಿಕೆ. ಬಚ್ಚಲ ಬಾಗಿಲು ಹಾಕಿಕೊಂಡು ‘ರೈಟ್’ ಅನ್ನಲು ನೋಡುತ್ತಾನೆ, ಬರೀ ಗಾಳಿ ಬರುತ್ತದೆ. ತೀರಿಹೋದ ಅಪ್ಪನಿಗಾಗಿಯೂ ಅವನು ಇಷ್ಟು ಹಂಬಲಿಸಿರಲಿಲ್ಲ.

ಈ ಸಲದ ಪಂದ್ಯ ನರಸೀಪುರದಲ್ಲಿ. ಭಾನುವಾರ ಮಧ್ಯಾಹ್ನ ಮೈದಾನದ ಪಕ್ಕದ ಚಿನ್ನಮ್ಮನ ಟೀ ಅಂಗಡಿಯಲ್ಲಿ ಎರಡೂ ಊರಿನವರು ಸೇರಿ ಆಟಗಾರರನ್ನು ಜರಡಿ ಹಿಡಿಯುತ್ತಿದ್ದರು. ನರಸೀಪುರದ ದೀಪಕ್‌ಗೆ ಎಡಗಾಲು ಬಂಗಾರ, ಬಲಗಾಲು ಬರೀ ನಿಲ್ಲುವುದಕ್ಕೆ. ನಂಜನಗೂಡಿನ ಗೋಲ್‌ಕೀಪರ್ ರವಿಕುಮಾರ್ ಪೆನಾಲ್ಟಿ ಎಲ್ಲಿಗೆ ಬಂದರೂ ಬೀಳುವುದು ಬಲಕ್ಕೇ. ಶಿವಸ್ವಾಮಿ ಬೆಂಚಿನ ತುದಿಯಲ್ಲಿ ಟೀ ಹಿಡಿದು ಕೇಳುತ್ತ ಕೂತಿದ್ದ. ಅಷ್ಟರಲ್ಲಿ ನಂಜನಗೂಡು ತಂಡ ನೋಡಿಕೊಳ್ಳುವ ಕೃಷ್ಣಕುಮಾರ್ ಮೊಬೈಲು ಎತ್ತಿ ಹಿಡಿದ. ಯಾವುದೋ ವಿದೇಶದ ಪೆನಾಲ್ಟಿ, ಜನ ಹುಚ್ಚೆದ್ದು ಕಿರುಚುತ್ತಿದ್ದರು.

“ನೋಡ್ರಪ್ಪಾ, ಅಲ್ಲೆಲ್ಲ ಎಂಗ್ ಕೂಗ್ತಾರೆ! ನಾವ್ ಮಾತ್ರ ಸಾವಿನ್ ಮನೇಲಿ ಕೂತಂಗೆ ಕೂತ್ಕತೀವಿ. ಆ ರೂಲ್ ಮಾಡಿದ್ದು ಸಿವಸ್ವಾಮಣ್ಣನ್ ಕೂಗಿಗೆ. ಈಗ ಅಣ್ಣಂಗೆ ದನೀನೇ ಇಲ್ವಲ್ಲ, ತಗ್ದಾಕ್‌ಬುಡವ.”

ಕೃಷ್ಣಕುಮಾರ್ ಕೆಟ್ಟವನಲ್ಲ, ಆಪರೇಷನ್ನಿಗೆ ರಕ್ತ ಕೊಟ್ಟವನು. ಆದರೂ ಶಿವಸ್ವಾಮಿ ಕುಡಿಯುತ್ತಿದ್ದ ಟೀ ಕೆಳಗಿಟ್ಟ. ಆ ರೂಲು ಇರುವವರೆಗೆ ತನ್ನ ಕೂಗು ಇನ್ನೂ ಈ ಮೈದಾನದಲ್ಲಿ ಎಲ್ಲೋ ಇದೆ. ಅದನ್ನೂ ಕಿತ್ತು ಹಾಕಿದರೆ ತಾನು ಬರೀ ಟೀ ಕುಡಿಯಲು ಬಂದ ಒಬ್ಬ ಮುದುಕ. ಬೇಡ ಅನ್ನಲು ಬಾಯಿ ತೆರೆದ, ಸ್ಟವ್ವಿನ ಸದ್ದಿನಲ್ಲಿ ಅದು ಯಾರಿಗೂ ಮುಟ್ಟಲಿಲ್ಲ. ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದ. ಟೀ ಸಾಕೇನೋ ಎಂದುಕೊಂಡು ಚಿನ್ನಮ್ಮ ಅವನ ಲೋಟ ಎತ್ತಿಕೊಂಡು ಹೋದಳು.

ಎರಡೂ ಊರು ಒಪ್ಪಿದರೆ ಮಾತ್ರ ರೂಲು ಬದಲು. ನಂಜನಗೂಡಿನವರ ಕೈಗಳೆಲ್ಲ ಮೇಲೆದ್ದವು, ಶಿವಸ್ವಾಮಿಯದೊಂದು ಬಿಟ್ಟು. ಎಲ್ಲರೂ ಚೆಲುವಯ್ಯನ ಕಡೆ ತಿರುಗಿದರು. ಶಿವಸ್ವಾಮಿ ನೆಲ ನೋಡುತ್ತ ಕೂತ. ತನ್ನವರೇ ಕೈಬಿಟ್ಟ ಮೇಲೆ ಅವನಿಂದ ಬಯಸುವುದೇನು?

“ಆಗಾಕಿಲ್ಲ,” ಅಂದ ಚೆಲುವಯ್ಯ.

“ಯಾಕಣ್ಣ, ನಿಮ್ಗೇನ್ ಬಯ ಈಗ?” ಎಂದ ಕೃಷ್ಣಕುಮಾರ್.

“ಈ ನನ್ಮಗನ್ ಕೂಗಿಗೆ ನಾನು ನಿದ್ದೇಲೂ ಬೆಚ್ಚಿದೀನಿ. ಓದ್ವರ್ಸ ಇವ ಬರ್ನಿಲ್ಲ, ನಾವು ಗೆದ್ದೋ. ಗೆದ್ದು ಮನೇಗೋಗಿ ಉಣ್ಣಕ್ ಕೂತ್ರೆ ಅನ್ನ ಸೇರ್ನಿಲ್ಲ ಕಣ್ಲಾ. ಯಾರ್‌ನ ಗೆದ್ದಂಗಾಯ್ತು? ದನಿ ಓಯ್ತು ಅಂತ ನಿಮ್ಮೂರೋರು ಯೇಳ್ಕಳಿ. ಇವ ಇರಗಂಟ ರೂಲ್ ಇರ್ಲಿ.”

ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಕೃಷ್ಣಕುಮಾರ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಶಿವಸ್ವಾಮಿಗೆ ಕಣ್ಣು ತುಂಬಿ ಬಂತು, ಅವನು ಒರೆಸಿಕೊಳ್ಳಲೂ ಹೋಗಲಿಲ್ಲ. ಇಷ್ಟು ವರ್ಷ ಅವರಿಬ್ಬರ ನಡುವೆ ಯಾವಾಗಲೂ ಒಂದು ಮೈದಾನದಷ್ಟು ದೂರವಿತ್ತು. ಅವನು ಕೈ ಮಾಡಿ ಚೆಲುವಯ್ಯನನ್ನು ಕರೆದ. ಚೆಲುವಯ್ಯ ಬಂದು ಬಗ್ಗಿ ಕಿವಿ ಕೊಟ್ಟ.

“ಯಂಗಿತ್ಲಾ ನನ್ ಕೂಗು?” ಎಂದ ಶಿವಸ್ವಾಮಿ. “ನಂಗೆ ಮರ್ತೋಯ್ತಾ ಅದೆ. ನೀನ್ ಕೇಳಿದ್ಯಲ್ಲ, ಯೇಳು.”

ಚೆಲುವಯ್ಯ ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂತ. ಮೊದಲನೆಯ ಪೆನಾಲ್ಟಿಯಿಂದ ಹೇಳತೊಡಗಿದ. ಹೊರಗೆ ಸೀಟಿ ಊದಿ ಆಟ ಶುರುವಾದರೂ ಇಬ್ಬರೂ ಏಳಲಿಲ್ಲ.