ಸದ್ದಿಗೆಂದೇ ಕೊಂಡ ಫ್ಯಾನು

ಫ್ಯಾನು ಕೊಳ್ಳುವವರು ಗಾಳಿ ಎಷ್ಟು ಬರುತ್ತದೆ ಎಂದು ನೋಡುತ್ತಾರೆ. ನನ್ನನ್ನು ಮಾತ್ರ ಒಬ್ಬರು ಸದ್ದು ಎಷ್ಟು ಬರುತ್ತದೆ ಎಂದು ನೋಡಿ ಕೊಂಡರು. ನಾನೊಂದು ಟೇಬಲ್ ಫ್ಯಾನು. ಎರಕದ ಕಬ್ಬಿಣದ ಬುಡ, ಮೂರು ರೆಕ್ಕೆ, ಹಸಿರು ಬಣ್ಣ. ಐವತ್ತು ವರ್ಷದ ಹಿಂದೆ ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವನಿಗೆ ಆ ದಿನ ಊಟದ ಹೊತ್ತು ಮೀರಿತ್ತೋ ಏನೋ, ಶಾಫ್ಟ್ ಕೂರುವ ಬುಷ್ಷನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟ. ಅಂದಿನಿಂದ ನಾನು ತಿರುಗಿದರೆ ಗರಗರ ಎನ್ನುತ್ತೇನೆ. ತಪ್ಪು ಅವನದು, ಬೈಗುಳ ನನಗೆ.

ಮೊದಲು ನಾನು ಹುಬ್ಬಳ್ಳಿಯ ಒಂದು ಟೈಪಿಂಗ್ ಕ್ಲಾಸಿಗೆ ಹೋದೆ. ಇಪ್ಪತ್ತು ಯಂತ್ರಗಳು ಒಟ್ಟಿಗೆ ಕುಟ್ಟುವ ಕೋಣೆಯಲ್ಲಿ ನನ್ನ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಅದೇ ನನ್ನ ಸುಖದ ಕಾಲ. ಕಂಪ್ಯೂಟರ್ ಬಂದು ಕ್ಲಾಸು ಮುಚ್ಚಿದಾಗ ಧಾರವಾಡದ ಒಬ್ಬ ಸಿತಾರ್ ಮಾಸ್ತರರು ನನ್ನನ್ನು ಕೊಂಡರು. ಮೊದಲ ದಿನ ಶ್ರುತಿ ಕೂಡಿಸಲು ಕೂತು ಮೂರು ಸಲ ತಂತಿ ಬಿಗಿದು, ಕೊನೆಗೆ ನನ್ನ ಕಡೆ ತಿರುಗಿ ನೋಡಿದರು. ಮರುದಿನದಿಂದ ಹನ್ನೊಂದು ವರ್ಷ ನಾನು ಅಟ್ಟದ ಮೇಲಿದ್ದೆ. ಅಲ್ಲಿಂದ ಇಳಿದದ್ದು ಹಳೆಯ ಸಾಮಾನಿನ ಅಂಗಡಿಗೆ.

ಆ ಅಂಗಡಿಗೆ ಬಂದವರು ವಿನಯಾ ಹಂಚಿನಮನಿ. ಮನಃಶಾಸ್ತ್ರಜ್ಞೆ. ದೊಡ್ಡ ಆಸ್ಪತ್ರೆಯೊಂದರ ನೌಕರಿ ಬಿಟ್ಟು, ತಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಸ್ವಂತವಾಗಿ ಜನರನ್ನು ನೋಡಲು ಶುರು ಮಾಡಿದ್ದರು. ಅಂಗಡಿಯವನು ನಾಲ್ಕು ಫ್ಯಾನು ಹಾಕಿ ತೋರಿಸಿದ. ಅವರು ನನ್ನ ಮುಂದೆ ನಿಂತರು.

"ಇದಕ್ಕಿಂತ ಜೋರು ಸದ್ದು ಮಾಡೂದು ಅದ ಏನ್ರಿ?"

"ಬಾಯಾರ, ಮಂದಿ ಸದ್ದು ಇಲ್ಲದ್ದು ಕೇಳ್ತಾರ."

"ನನಗ ಸದ್ದ ಬೇಕಾಗೇದ. ಇದನ್ನ ಕೊಡ್ರಿ."

ಅಂಗಡಿಯವನು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ನನಗೂ ಅರ್ಥವಾಗಿರಲಿಲ್ಲ. ಮನೆಗೆ ಹೋದ ಮೇಲೆ ತಿಳಿಯಿತು. ಒಳಗಿನ ಕೋಣೆಯ ಬಾಗಿಲು ತೆಳು ಪ್ಲೈವುಡ್ಡಿನದು. ಹೊರಗಿನ ಕೋಣೆಯಲ್ಲಿ ಸರದಿಗಾಗಿ ಕಾಯುವವರಿಗೆ ಒಳಗಿನ ಮಾತು ಕೇಳಬಾರದು. ಅದಕ್ಕೇ ಬಾಗಿಲ ಪಕ್ಕ ಸ್ಟೂಲಿನ ಮೇಲೆ ನಾನು. ಒಬ್ಬರು ಒಳಗೆ ಹೋಗಿ ಬಾಗಿಲು ಹಾಕಿದರೆ ನಾನು ಗರಗರ ಎನ್ನಬೇಕು. ಇಷ್ಟೇ ಕೆಲಸ. ನನ್ನ ಐಬಿಗೂ ಒಂದು ನೌಕರಿ ಸಿಕ್ಕಿತಲ್ಲ ಎಂದು ನಾನು ಉಬ್ಬಿಹೋದೆ.

ಬಾಗಿಲು ಹಾಕಿದ ಮೇಲೆ ನನಗೂ ಏನೂ ಕೇಳುವುದಿಲ್ಲ. ಆದರೆ ಹೊರಗಿನದೆಲ್ಲ ಕಾಣುತ್ತದೆ. ಮೊದಲ ಸಲ ಬರುವವರು ಎಂತೆಂಥ ತಯಾರಿ ಮಾಡಿಕೊಂಡು ಬರುತ್ತಾರೆ ಗೊತ್ತೇ? ಒಬ್ಬರು ರಕ್ತ ಪರೀಕ್ಷೆ ಇದ್ದೀತೆಂದು ಉಪವಾಸ ಬಂದಿದ್ದರು. ಒಬ್ಬರು ಎಕ್ಸ್‌ರೇ ತಂದಿದ್ದರು. ಒಬ್ಬ ಅಜ್ಜಿ ಮೊಮ್ಮಗಳ ಜಾತಕವನ್ನೇ ತಂದಿದ್ದಳು. ವಿನಯಾ ಎಲ್ಲರನ್ನೂ ಹೊರಗಿನ ಕೋಣೆಯಲ್ಲೇ ಕೂಡಿಸಿ, ಫಾರ್ಮು ತುಂಬಿಸಿ, ಅದದೇ ಮಾತು ಹೇಳುತ್ತಿದ್ದರು. ನನಗೆ ಬಾಯಿಪಾಠವಾಗಿದೆ.

"ಐವತ್ತು ನಿಮಿಷ ಕೂತು ಮಾತಾಡೂದು. ಗುಳಿಗಿ ನಾ ಕೊಡೂದಿಲ್ಲ, ಬೇಕನಿಸಿದ್ರ ಡಾಕ್ಟರ ಕಡೆ ಕಳಸ್ತೀನಿ. ಒಂದ ಸಲಕ್ಕ ಎಲ್ಲಾ ಸರಿ ಆಗೂದಿಲ್ಲ. ಮೊದಲನೇ ದಿನ ಹೋದ ಮ್ಯಾಲ ತ್ರಾಸು ಹೆಚ್ಚಾಧಂಗ ಅನಸಬಹುದು, ಅಂಜಬ್ಯಾಡ್ರಿ. ಹೇಳಬೇಕಂತನಿಸಿದ್ದಷ್ಟ ಹೇಳ್ರಿ. ಒಳಗಿನ ಮಾತು ಒಳಗ ಇರ್ತದ. ನಿಮ್ಮ ಜೀವಕ್ಕೋ ಬ್ಯಾರೆಯವರ ಜೀವಕ್ಕೋ ಅಪಾಯ ಅದ ಅಂತ ಕಂಡ್ರ ಮಾತ್ರ ಮನಿಯವರಿಗೆ ತಿಳಸ್ತೀನಿ, ಅದೂ ನಿಮಗ ಹೇಳಿ."

ಹೀಗೆ ಒಂದು ಬುಧವಾರ ಬಂದವನು ದ್ಯಾಮಣ್ಣ. ಇದು ಅವನ ನಿಜವಾದ ಹೆಸರಲ್ಲ. ನಾನೂ ಆ ಮನೆಯ ಅನ್ನ ಉಂಡವನು, ಹೆಸರು ಹೇಳಲಾರೆ. ನಲವತ್ತು ದಾಟಿದ ಆಳು, ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಎಂಟು ತಿಂಗಳಿಂದ ಕೈ ನಡುಗುತ್ತಿತ್ತು. ತಾಮ್ರದ ತಂತಿ ಸುತ್ತುವಾಗ ಪಟಕ್ಕನೆ ಹರಿಯುತ್ತಿತ್ತು. ನರದ ಡಾಕ್ಟರು ನರಗಳು ಸರಿಯಾಗಿವೆ ಎಂದು ಹೇಳಿ ಇಲ್ಲಿಗೆ ಚೀಟಿ ಬರೆದಿದ್ದರು. ಕೈ ಸರಿಹೋಗದಿದ್ದರೆ ಅಂಗಡಿ ಮುಚ್ಚಬೇಕು, ಬೇರೆ ಕಸುಬು ಅವನಿಗೆ ಬಾರದು. ಇಂಥ ಕಡೆ ಬಂದದ್ದು ಓಣಿಯವರಿಗೆ ಗೊತ್ತಾಗಬಾರದೆಂದು ರಿಪೇರಿಗೆ ಬಂದವನಂತೆ ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಬಂದಿದ್ದ.

ವಿನಯಾ ಎಲ್ಲ ಹೇಳಿ ಮುಗಿಸಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ. "ಪೊಲೀಸರಿಗೆ ಹೇಳ್ತೀರೇನ್ರಿ ಮೇಡಂ?"

"ಹಿಂದ ಆಗಿಹೋದ ಮಾತು ತಗೊಂಡು ನಾನಾಗೇ ಯಾರ ಕಡೆನೂ ಹೋಗೂದಿಲ್ಲ. ಕೋರ್ಟು ಕರದು ಕೇಳಿದ್ರ ಮಾತ್ರ ಉತ್ತರ ಕೊಡಬೇಕಾಗ್ತದ. ಇದ್ದದ್ದು ಇದ್ಧಂಗ ಹೇಳೇನಿ."

ಅವನು ತಲೆಯಾಡಿಸಿ ಒಳಗೆ ಹೋದ. ಹೊರಗೆ ಬಂದಾಗಲೂ ಮುಖ ಒಳಗೆ ಹೋಗುವಾಗ ಇದ್ದಂತೆಯೇ ಇತ್ತು. "ಬರೇ ಮಾತ ಆತಲ್ರಿ," ಎಂದ. ಎರಡನೇ ಬುಧವಾರವೂ ಹಾಗೇ.

ಮೂರನೇ ಬುಧವಾರ ಮೂರು ಗಂಟೆಯ ಸರದಿಗೆ ಎರಡಕ್ಕೇ ಬಂದು ಕೂತ. ಒಳಗೆ ಒಬ್ಬ ಹೆಣ್ಣುಮಗಳಿದ್ದಳು. ನಾನು ನನ್ನ ಪಾಡಿಗೆ ಗರಗರ ಎನ್ನುತ್ತಿದ್ದೆ. ಮೋಟಾರಿನ ಮನುಷ್ಯನ ಮುಂದೆ ಬುಷ್ ಸವೆದ ಫ್ಯಾನು ಒದರಿದರೆ ಅವನು ಎಷ್ಟು ಹೊತ್ತು ಸುಮ್ಮನಿದ್ದಾನು? ಐದು ನಿಮಿಷ ನನ್ನನ್ನೇ ನೋಡಿದ. ಮೇಡಂಗೆ ಒಂದು ಉಪಕಾರ ಮಾಡಿದಂತಾಗಲಿ ಎಂದುಕೊಂಡನೋ ಏನೋ, ಎದ್ದು ಸ್ವಿಚ್ ಆರಿಸಿ, ಬೆಳಕಿಗೆಂದು ನನ್ನನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಒಯ್ದ. ಮುಂದಿನ ಜಾಲರಿ ಬಿಚ್ಚಿ, ಹಳೆ ಬುಷ್ ತೆಗೆದು, ಚೀಲದಲ್ಲಿದ್ದ ಹೊಸದನ್ನು ಕೂಡಿಸಿ, ಎಣ್ಣೆ ಬಿಟ್ಟ. ಒಂದು ಸಂಗತಿ ಕಂಡು ನನಗೆ ಅಚ್ಚರಿಯಾಯಿತು. ಅಷ್ಟು ಹೊತ್ತೂ ಅವನ ಕೈ ನಡುಗಲಿಲ್ಲ.

ತಂದು ಸ್ಟೂಲಿನ ಮೇಲಿಟ್ಟು ಸ್ವಿಚ್ ಹಾಕಿದ. ನಾನು ಮೌನವಾಗಿ ತಿರುಗಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ! ನನಗೆ ಹೆಮ್ಮೆಯಾಯಿತು, ಸುಳ್ಳು ಏಕೆ ಹೇಳಲಿ. ಅವನೂ ಮೊದಲ ಸಲ ನಕ್ಕ. ಆಗ ಬಾಗಿಲ ಆಚೆಯಿಂದ ಆ ಹೆಣ್ಣುಮಗಳ ದನಿ ಕೇಳಿತು. ಅಳುತ್ತಾ ಏನೋ ಹೇಳುತ್ತಿದ್ದಳು. ಏನೆಂದು ನಾನು ಹೇಳುವುದಿಲ್ಲ.

ದ್ಯಾಮಣ್ಣ ಬೆಚ್ಚಿಬಿದ್ದ. ಕೆಮ್ಮಿದ. ಕುರ್ಚಿ ಎಳೆದ. ಕಿವಿ ಮುಚ್ಚಿಕೊಂಡ. ಕೊನೆಗೆ ಚೀಲದಿಂದ ನಟ್ಟು ಬಿಚ್ಚುವ ಪಾನಾ ತೆಗೆದು ನನ್ನ ಕಬ್ಬಿಣದ ಬುಡವನ್ನು ಟಣಟಣ ಬಡಿಯತೊಡಗಿದ. ಬಾಗಿಲು ತೆರೆಯಿತು.

"ದ್ಯಾಮಣ್ಣ, ಏನ ನಡಸೀರಿ?"

"ಫ್ಯಾನು ಸುಧಾರಸೇನ್ರಿ ಮೇಡಂ. ಒಳಗಿನ ಮಾತು ಕೇಳಾಕತ್ತಿತ್ತು. ಅದಕ್ಕ ಬಡೀಲಾಕತ್ತೇನಿ."

ವಿನಯಾ ಅವನನ್ನು ಬೈಯಲಿಲ್ಲ. ಸದ್ದು ನಿಂತದ್ದು ಅವರಿಗೂ ಗೊತ್ತಾಗಿತ್ತಂತೆ, ಆದರೆ ಆಕೆ ಬಹಳ ದಿನದ ಮೇಲೆ ಬಾಯಿ ಬಿಟ್ಟಿದ್ದರಿಂದ ನಡುವೆ ಏಳಲಿಲ್ಲವಂತೆ. ಏಳಬೇಕಿತ್ತು, ತಪ್ಪು ನನ್ನದೂ ಎಂದು ಆಕೆಗೆ ನೇರವಾಗಿ ಹೇಳಿದರು. ಆಕೆ ಕಣ್ಣೊರೆಸಿಕೊಂಡು ಹೊರಗೆ ಬಂದು ದ್ಯಾಮಣ್ಣನ ಎದುರು ನಿಂತಳು.

"ಎಷ್ಟ ಕೇಳಸ್ತು?"

"ನಾಕ ಮಾತ್ರಿ ಅಕ್ಕಾರ. ಆಮ್ಯಾಲ ಬಡದೆ."

"ಯಾರ ಮುಂದರೆ ಹೇಳಿದ್ರ..."

"ನಂದ ನನ್ನ ಬಾಯಾಗ ಸಿಕ್ಕೊಂಡೈತ್ರಿ. ನಿಮ್ಮದ ಎಲ್ಲಿ ಹೇಳ್ಲಿ."

ಆಕೆ ಅವನನ್ನು ಒಂದು ಕ್ಷಣ ನೋಡಿ, ಮುಂದಿನ ವಾರದ ಹೊತ್ತು ಬರೆಸಿಕೊಂಡು ಹೋದಳು. ಹೋದ ಮೇಲೆ ವಿನಯಾ ನನ್ನನ್ನು ಏಕೆ ಇಟ್ಟಿದ್ದೇನೆಂದು ಅವನಿಗೆ ವಿವರಿಸಿದರು. ಅವನು ಪಾನಾ ಕೆಳಗಿಟ್ಟ.

"ಅಂದ್ರ ಎರಡು ವಾರ ಇದು ನನ್ನ ಸಲುವಾಗಿ ಒದರಾಕತ್ತಿತ್ತು?"

"ಹೂಂ."

"ನಾ ಒಳಗ ಕೂತು ಬರೇ ವೋಲ್ಟೇಜಿನ ಮಾತು ಆಡಿದೆ." ಚೀಲ ತೆಗೆದ. "ಹಳೇ ಬುಷ್ ಒಗದಿಲ್ಲ. ತಡೀರಿ, ಮತ್ತ ಹಾಕ್ತೇನಿ."

ಸರಿಪಡಿಸಿದ್ದನ್ನು ಕೈಯಾರೆ ಕೆಡಿಸುವುದು ಕಸುಬುದಾರನಿಗೆ ಸುಲಭವಲ್ಲ. ನೆಲದ ಮೇಲೆ ಕೂತು ನನ್ನನ್ನು ತೊಡೆಯ ನಡುವೆ ಇಟ್ಟುಕೊಂಡು ಮತ್ತೆ ಬಿಚ್ಚಿದ. ಬಿಚ್ಚುತ್ತ ಬಿಚ್ಚುತ್ತ, ತಲೆ ಎತ್ತದೆ, ಹೇಳತೊಡಗಿದ. ವಿನಯಾ ಒಳಗೆ ಬನ್ನಿ ಎಂದರು. "ಒಳಗ ಬಂದ್ರ ಬಾಯಿ ಕಟ್ತೈತ್ರಿ. ಕೈಯಾಗ ಕೆಲಸ ಇರ್ಲಿ," ಎಂದ. ಅವರು ಬೀದಿ ಬಾಗಿಲಿಗೆ ಅಗಳಿ ಹಾಕಿ ಬಂದು ಅವನ ಎದುರು ನೆಲದ ಮೇಲೇ ಕೂತರು.

ಅವನೂ ಅವನ ಅಣ್ಣನೂ ಕೂಡಿ ಅಂಗಡಿ ನಡೆಸುತ್ತಿದ್ದರು. ಒಂದು ಹಿಟ್ಟಿನ ಗಿರಣಿಯ ಮೋಟಾರು ನೋಡಲು ಇಬ್ಬರೂ ಹೋಗಿದ್ದರು. ಅಣ್ಣ ಮೋಟಾರಿನ ಹತ್ತಿರ ಕೂತು, "ಲೈನ್ ತಗದೀ?" ಎಂದು ಕೇಳಿದ. ಹೊರಗೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದ ದ್ಯಾಮಣ್ಣ "ತಗದೇನಿ" ಎಂದ. ಕರೆಂಟು ತೆಗೆದಿರಲಿಲ್ಲ. ಮಾತು ಮುಗಿಸಿ ತೆಗೆದರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಅಣ್ಣ ತಂತಿ ಮುಟ್ಟಿ, ಕರೆಂಟು ಹೊಡೆದು ಅಲ್ಲೇ ಸತ್ತ. ಸ್ವಿಚ್ ಹಳೆಯದು, ಕೈ ಕೊಟ್ಟಿತು ಎಂದು ಊರೆಲ್ಲ ನಂಬಿತು, ಅವನು ನಂಬಲು ಬಿಟ್ಟ. ಅಣ್ಣನ ಹೆಂಡತಿ, ಅವನ ವೈನಿ, ತನ್ನ ದುಃಖದಲ್ಲೂ ಮೈದುನ ಸೊರಗಿದನೆಂದು ದಿನವೂ ಬುತ್ತಿ ಕಳಿಸುತ್ತಿದ್ದಳು.

"ಆ ರೊಟ್ಟಿ ನನಗ ಗಂಟಲದಾಗ ಇಳೀವಲ್ದ್ರಿ," ಎಂದಾಗ ಬುಷ್ ಹಿಡಿದ ಅವನ ಕೈ ಗಡಗಡ ನಡುಗಿತು. ನಾನು ಅವನ ಕೈಯಲ್ಲೇ ಇದ್ದೆನಲ್ಲ, ನನ್ನ ರೆಕ್ಕೆಗಳೂ ನಡುಗಿದವು. ವಿನಯಾ ಸಮಾಧಾನದ ಮಾತು ಹೇಳಲಿಲ್ಲ, ತಪ್ಪು ನಿನ್ನದಲ್ಲ ಎಂದೂ ಹೇಳಲಿಲ್ಲ. "ಎಂಟು ತಿಂಗಳು ಒಬ್ರ ಹೊತ್ತೀರಿ," ಎಂದರು, ಅಷ್ಟೇ. ಅವನು ಗಂಡಸು ಅಳಬಾರದೆಂಬುದನ್ನೆಲ್ಲ ಮರೆತು ಅತ್ತ. ನನಗೆ ಬಹಳ ಸಂಕಟವಾಯಿತು.

ಇದನ್ನೆಲ್ಲ ನಿಮಗೆ ಹೇಗೆ ಹೇಳಿದೆ ಎಂದು ಕೇಳಬಹುದು. ಈಗ ಅದು ಗುಟ್ಟಲ್ಲ. ಐದು ತಿಂಗಳು ಬುಧವಾರ ತಪ್ಪದೆ ಬಂದು, ಹೇಗೆ ಹೇಳುವುದೆಂದು ಒಳಗೆ ಕೂತು ಯೋಚಿಸಿ, ಕೊನೆಗೆ ಅವನೇ ಹೋಗಿ ವೈನಿಯ ಮುಂದೆ, ಅಣ್ಣನ ಮಕ್ಕಳ ಮುಂದೆ ಹೇಳಿದ. ಮುಂದಿನ ಬುಧವಾರ ಬಾಗಿಲಲ್ಲೇ ನಿಂತು ವಿನಯಾಗೆ ಸುದ್ದಿ ಕೊಟ್ಟ. "ಬುತ್ತಿ ನಿಂತೈತ್ರಿ. ಮಾರಿ ನೋಡೂದಿಲ್ಲ ಅಂದಾಳ. ರಾತ್ರಿ ನಿದ್ದಿ ಹತ್ತಾಕತ್ತೈತಿ." ಮುಂದೆಯೂ ಬರುತ್ತೀರಾ ಎಂದು ಅವರು ಕೇಳಿದರು. ಬರುತ್ತೇನೆ ಎಂದ. ನಾನು ಗರಗರ ಎಂದೆ.

ಈಗ ಆ ಬಾಗಿಲ ಪಕ್ಕ ತಂಬಿಗೆಯಷ್ಟು ದೊಡ್ಡದಾದ ಬಿಳಿಯ ಯಂತ್ರವೊಂದು ಬಂದಿದೆ. ಗಾಳಿ ಇಲ್ಲ, ಬರೀ ಸದ್ದು. ನನಗೆ ಬೇಸರವಿಲ್ಲ ಎಂದರೆ ನಂಬಬೇಡಿ. ದ್ಯಾಮಣ್ಣ ನನ್ನನ್ನು ಕೇಳಿ ತಂದು ತನ್ನ ಅಂಗಡಿಯಲ್ಲಿಟ್ಟಿದ್ದಾನೆ. ಬುಷ್ ಮುಟ್ಟಿಲ್ಲ. ಮುದುಕನಾದೆ, ವೈಂಡಿಂಗ್ ಬಿಸಿಯಾಗುತ್ತದೆ, ಮಧ್ಯಾಹ್ನ ಒಂದೆರಡು ತಾಸು ತಿರುಗಿದರೆ ಸಾಕು. ಮನುಷ್ಯರಿಗೆ ಕಿವಿಗಿಂತ ಮೊದಲು ಒಂದು ಮರೆ ಬೇಕು ಎಂಬುದು ಇಷ್ಟು ವರ್ಷ ಬಾಗಿಲು ಕಾದು ನಾನು ಕಲಿತ ವಿದ್ಯೆ.

ಮೊನ್ನೆ ಮಧ್ಯಾಹ್ನ ಅಂಗಡಿಯ ಮುಂದೆ ಒಬ್ಬ ಹೆಂಗಸು ಮಿಕ್ಸರ್ ಹಿಡಿದು ನಿಂತಳು. ದ್ಯಾಮಣ್ಣ ಥಟ್ಟನೆ ನನ್ನನ್ನು ಆರಿಸಿದ. "ಬರ್ರಿ ವೈನಿ," ಎಂದಾಗಲೇ ನನಗೆ ಗೊತ್ತಾದದ್ದು. ಒಂದು ವರ್ಷದ ಮೇಲೆ ಬಂದಿದ್ದಳು. ಕುಶಲ ಕೇಳಲಿಲ್ಲ. "ತಿರಗವಲ್ದು, ನೋಡು," ಎಂದು ಮಿಕ್ಸರನ್ನು ಮುಂದಿಟ್ಟು ಬೆಂಚಿನ ಮೇಲೆ ಕೂತಳು. ಅವನು ಗೋಡೆಯ ಸಾಕೆಟ್ಟಿಗೆ ಪ್ಲಗ್ಗು ಹಾಕಿ ಒಮ್ಮೆ ಸ್ವಿಚ್ ಒತ್ತಿ ನೋಡಿ, ತಿರುಪುಳಿ ಎತ್ತಿಕೊಂಡ. ಕೈ ಸ್ವಲ್ಪ ಅದುರುತ್ತಿತ್ತು.

"ಲೈನ್ ತಗದೀ?" ಎಂದಳು ವೈನಿ.

ಅವನು ತಿರುಪುಳಿ ಕೆಳಗಿಟ್ಟು, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ವಯರಿನ ತುದಿ ಹಿಡಿದು ತಂದು ಅವಳ ಅಂಗೈಯಲ್ಲಿಟ್ಟ. ಕೆಲಸ ಮುಗಿಯುವವರೆಗೂ ಅವಳು ಅದನ್ನು ಬಿಡದೆ ಹಿಡಿದುಕೊಂಡು ಕೂತಿದ್ದಳು.